ಮ್ಯಾಗ್ನೆಟ್ ಕೊರತೆ ನಿಜ, ಗಣಿ ಎಲ್ಲಿತ್ತು?

ವಿಜಯನಗರದ ಹಂಪಿನಗರ ಗ್ರಂಥಾಲಯದಲ್ಲಿ ಕೂತು ಓದಿದವರಿಗೆಲ್ಲ ಗೊತ್ತು, ಓದು ಒಳಗೆ ನಡೆದರೆ ಚರ್ಚೆಯೆಲ್ಲ ಹೊರಗೆ ಟೀ ಅಂಗಡಿ ಮುಂದೆ. ಕೆಪಿಎಸ್‌ಸಿ ಅಧಿಸೂಚನೆ ಯಾವಾಗ, ಪಿಎಸ್‌ಐ ಕಟ್‌ಆಫ್ ಎಷ್ಟು, ಯಾವ ಕೋಚಿಂಗ್‌ನ ನೋಟ್ಸ್ ಚೆನ್ನಾಗಿದೆ ಎಂಬುದೇ ಅಲ್ಲಿನ ಮಾತು. 2025ರ ಜೂನ್‌ನಲ್ಲಿ ಮಾತ್ರ ಹೊಸ ಪದವೊಂದು ಅಲ್ಲಿ ಓಡಾಡುತ್ತಿತ್ತು: ರೇರ್ ಅರ್ಥ್. ಪ್ರಚಲಿತ ವಿದ್ಯಮಾನಕ್ಕೆಂದು ನಾವು ಓದಿಕೊಂಡ ಪದ, ವಾರ ಕಳೆಯುವಷ್ಟರಲ್ಲಿ ಮೊಬೈಲಿನ ಟ್ರೇಡಿಂಗ್ ಆ್ಯಪ್‌ಗೆ ಬಂದು ಕೂತಿತ್ತು.

‘ಗುರು, ಚೀನಾದವ್ರು ಮ್ಯಾಗ್ನೆಟ್ ಕಳ್ಸೋದು ನಿಲ್ಸಿದಾರೆ. ಈಗ ಸಣ್ಣ ಗಣಿ ಕಂಪನಿ ಷೇರು ಹಿಡಿದ್ರೆ ದೀಪಾವಳಿ ಹೊತ್ತಿಗೆ ಡಬಲ್’ ಅಂದ ಗೆಳೆಯ. ಟೆಲಿಗ್ರಾಂ ಗುಂಪೊಂದರಲ್ಲಿ ಅವನಿಗೆ ಕಂಪನಿಯ ಹೆಸರೂ ಸಿಕ್ಕಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಒಂದಕ್ಕೆ 84 ರೂಪಾಯಿಯಂತೆ 700 ಷೇರು ಕೊಂಡೆ. ಒಟ್ಟು 58,800 ರೂಪಾಯಿ. ಕೆಲಸ ಬಿಟ್ಟು ಒಂದು ವರ್ಷ ಪೂರ್ತಿ ಪರೀಕ್ಷೆಗೆ ಓದಬೇಕೆಂದು ಎರಡು ವರ್ಷದಿಂದ ಕೂಡಿಟ್ಟಿದ್ದ ದುಡ್ಡು ಅದು. ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನಗಬೇಡಿ. ನಾನು ಕೆಲಸ ಮಾಡುವುದು ರಾಜಾಜಿನಗರದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ. ಕೆಂಗೇರಿಯಿಂದ ದಿನಾ ಮೆಟ್ರೊದಲ್ಲಿ ಬಂದು, ಸಂಜೆವರೆಗೂ ಬೇರೆಯವರ ಲಾಭ-ನಷ್ಟದ ಲೆಕ್ಕ ಜೋಡಿಸುತ್ತೇನೆ. ಆದರೆ ನಾನು ಷೇರು ಕೊಂಡ ಕಂಪನಿಯ ವಾರ್ಷಿಕ ವರದಿಯನ್ನು ತೆರೆದೂ ನೋಡಿರಲಿಲ್ಲ.

ಯಾಕೆ ನೋಡಲಿಲ್ಲ ಅಂದರೆ, ಕೊರತೆಯನ್ನು ನಾನು ಕಣ್ಣಾರೆ ಕಂಡಿದ್ದೆ. ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಮಾವನ ಸಣ್ಣ ಶೆಡ್ ಇದೆ. ಮೋಟಾರಿನ ರೋಟರ್‌ಗೆ ಮ್ಯಾಗ್ನೆಟ್ ಕೂರಿಸಿಕೊಡುವ ಜಾಬ್ ವರ್ಕ್. ಮ್ಯಾಗ್ನೆಟ್ ಪೀಣ್ಯದ ಒಬ್ಬ ವ್ಯಾಪಾರಿಯಿಂದ ಬರುತ್ತಿತ್ತು, ಅವನಿಗೆ ಚೀನಾದಿಂದ. 2025ರ ಏಪ್ರಿಲ್ 4ರಂದು ಚೀನಾ ಏಳು ಬಗೆಯ ವಿರಳ ಭೂಲೋಹಗಳು ಮತ್ತು ಅವುಗಳಿಂದ ಮಾಡಿದ ಮ್ಯಾಗ್ನೆಟ್‌ಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಮೆರಿಕದ ಸುಂಕಕ್ಕೆ ಅದು ಕೊಟ್ಟ ಉತ್ತರ. ಏಟು ಬಿದ್ದದ್ದು ಮಾತ್ರ ಎಲ್ಲರಿಗೂ. ಮೋಟಾರ್ ಬಿಸಿಯಾದಾಗಲೂ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳದಂತೆ ನಿಯೋಡಿಮಿಯಂ ಜೊತೆ ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ಲೋಹಗಳನ್ನು ಚೂರು ಬೆರೆಸುತ್ತಾರೆ. ಆ ಎರಡೂ ಪಟ್ಟಿಯಲ್ಲಿದ್ದವು. ಜಗತ್ತಿನ ಇಂಥ ಮ್ಯಾಗ್ನೆಟ್‌ಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ತಯಾರಾಗುವುದು ಚೀನಾದಲ್ಲೇ.

ಜೂನ್ ಹೊತ್ತಿಗೆ ಮಾವನ ಶೆಡ್‌ನಲ್ಲಿ ಒಂದು ಬೆಂಚು ಖಾಲಿ ಬಿದ್ದಿತ್ತು. ‘ಆರ್ಡರ್ ಐತೆ ಕಣಪ್ಪಾ, ಮಾಲಿಲ್ಲ. ಇಬ್ಬರು ಹುಡುಗರಿಗೆ ಊರಿಗೆ ಹೋಗಿ ಬನ್ನಿ ಅಂದಿದೀನಿ’ ಎಂದರು. ಇದಕ್ಕಿಂತ ಸಾಕ್ಷಿ ಬೇಕೇ? ಮಾಲು ಸಿಗುತ್ತಿಲ್ಲ, ಹಾಗಾದರೆ ಮಾಲು ತೆಗೆಯುವವನಿಗೆ ಲಾಭ, ಹಾಗಾದರೆ ಗಣಿ ಷೇರು ಏರುತ್ತದೆ. ಎಷ್ಟು ಸಲೀಸಾಗಿ ಒಂದರಿಂದ ಒಂದಕ್ಕೆ ಜಿಗಿದೆ ನೋಡಿ. ಈ ಜಿಗಿತಗಳ ನಡುವೆ ಏನೇನಿದೆ ಎಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು.

ಷೇರು ಮೊದಲು ಏರಿತು, ಅದೂ ನಿಜ. ದಿನಾ ಬೆಳಿಗ್ಗೆ ಶೇಕಡ 5ರ ಅಪ್ಪರ್ ಸರ್ಕೀಟ್. ಕೊಳ್ಳುವವರ ಸಾಲು ಉದ್ದ, ಮಾರುವವರೇ ಇಲ್ಲ. ದಿನಕ್ಕೆ 5ರಂತೆ ಹದಿನೈದು ದಿನ ಬಿಡದೆ ಏರಿದರೆ ಬೆಲೆ ದುಪ್ಪಟ್ಟಾಗುತ್ತದೆ. ನಾನು ಲೆಕ್ಕ ಹಾಕಿದ್ದು ಇಷ್ಟೇ. ಹದಿನಾಲ್ಕು ದಿನ ಬಿಡದೆ ಇಳಿದರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ ಎಂಬ ಲೆಕ್ಕವೂ ಅಷ್ಟೇ ಸುಲಭದ್ದು. ಅದನ್ನು ಹಾಕಲಿಲ್ಲ. 131ಕ್ಕೆ ಹೋದಾಗ ಗೆಳೆಯ ಮಸಾಲೆ ದೋಸೆ ಕೊಡಿಸಿದ. ಆಮೇಲೆ ಲೋವರ್ ಸರ್ಕೀಟ್ ಶುರುವಾಯಿತು. ಲೋವರ್ ಸರ್ಕೀಟ್‌ನಲ್ಲಿ ಷೇರು ಮಾರುವುದೆಂದರೆ, ಕೊನೆಯ ಬಸ್ ಹೋದ ಮೇಲೆ ಸ್ಟಾಪ್‌ನಲ್ಲಿ ಕೈ ಅಡ್ಡ ಹಿಡಿದು ನಿಂತಂತೆ. ದಿನಾ ಬೆಳಿಗ್ಗೆ ಒಂಬತ್ತಕ್ಕೇ ಆರ್ಡರ್ ಹಾಕುತ್ತಿದ್ದೆ, ಸಂಜೆ ಅದು ತಾನಾಗಿ ರದ್ದಾಗುತ್ತಿತ್ತು. ಕೊಳ್ಳುವವರೇ ಇರಲಿಲ್ಲ. ಅಕ್ಟೋಬರ್ 30ರಂದು ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಕೈಕುಲುಕಿದರು. ಆ ತಿಂಗಳಷ್ಟೇ ಹೊರಡಿಸಿದ್ದ ಹೊಸ ನಿರ್ಬಂಧಗಳನ್ನು ಚೀನಾ ಒಂದು ವರ್ಷ ಮುಂದೂಡಿತು. ಅಷ್ಟೂ ಷೇರು ಕೊನೆಗೆ ಮಾರಿದಾಗ ನನಗೆ ಸಿಕ್ಕಿದ್ದು ತಲಾ 37 ರೂಪಾಯಿ. ಮನೆಯಲ್ಲಿ ಇವತ್ತಿಗೂ ಪೂರ್ತಿ ಮೊತ್ತ ಹೇಳಿಲ್ಲ.

ಮಾರಿದ ಮೇಲೆ ವಾರ್ಷಿಕ ವರದಿ ಓದಿದೆ. ನಮ್ಮ ಕಚೇರಿಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವುದೇ ‘ಹಿಂದಿನ ಪುಟದಿಂದ ಓದು’ ಅಂತ. ಟಿಪ್ಪಣಿಗಳು ಇರುವುದು ಹಿಂದೆ. ಅಲ್ಲಿ ನೋಡಿದರೆ ಕಂಪನಿಯ ಆದಾಯ ಬರುತ್ತಿದ್ದುದು ಉಕ್ಕಿನ ವ್ಯಾಪಾರದಿಂದ. ಖಾಯಂ ನೌಕರರು ಒಂಬತ್ತು ಜನ. ಗಣಿ ಗುತ್ತಿಗೆ ಒಂದೂ ಇಲ್ಲ. ಇದ್ದದ್ದು ಆಫ್ರಿಕಾದ ದೇಶವೊಂದರಲ್ಲಿ ಖನಿಜ ಹುಡುಕಲು ಮಾಡಿಕೊಂಡ ಒಪ್ಪಂದದ ಪತ್ರ. ಅಂಥ ಪತ್ರದಿಂದ ಯಾರೂ ಯಾರಿಗೂ ಕಟ್ಟುಬೀಳುವುದಿಲ್ಲ. ಜೊತೆಗೆ ಬೆಲೆ ಏರುವ ಮೊದಲೇ ಕೆಲವರಿಗೆ ಕಡಿಮೆ ದರದಲ್ಲಿ ವಾರಂಟ್ ಕೊಟ್ಟಿದ್ದರು. ವಾರಂಟ್ ಅಂದರೆ ಈಗ ಕಾಲು ಭಾಗ ದುಡ್ಡು ಕಟ್ಟಿ, ಉಳಿದದ್ದನ್ನು ಹದಿನೆಂಟು ತಿಂಗಳೊಳಗೆ ಕಟ್ಟಿ ಷೇರು ಪಡೆಯುವ ಹಕ್ಕು. ನಾಲ್ಕು ಜನಕ್ಕೆ ಒಡೆದಿಟ್ಟ ತೆಂಗಿನಕಾಯಿಯನ್ನು ಎಂಟು ಜನಕ್ಕೆ ಹಂಚಿದ ಹಾಗೆ ಇದು. ಕಾಯಿ ಅಷ್ಟೇ ಇರುತ್ತದೆ, ನಮ್ಮ ಹೋಳು ಚಿಕ್ಕದಾಗುತ್ತದೆ. ಸಣ್ಣ ಗಣಿ ಕಂಪನಿಗಳಲ್ಲಿ ಇದು ಮೋಸವೇ ಆಗಬೇಕಿಲ್ಲ. ಅದಿರು ಸಿಗುವವರೆಗೆ ಅವಕ್ಕೆ ಆದಾಯವಿಲ್ಲ, ಕೊರೆಯಲು ದುಡ್ಡು ಬೇಕು, ಹೊಸ ಷೇರು ಮಾರಿಯೇ ತರಬೇಕು. ಪ್ರಾಮಾಣಿಕ ಕಂಪನಿಯಲ್ಲೂ ನಮ್ಮ ಹೋಳು ವರ್ಷ ವರ್ಷ ಸಣ್ಣದಾಗುತ್ತಲೇ ಇರುತ್ತದೆ.

ಅದಕ್ಕಿಂತ ನಾಚಿಕೆಯಾದದ್ದು ಇನ್ನೊಂದಕ್ಕೆ. ನಮ್ಮ ದೇಶದಲ್ಲಿ ವಿರಳ ಭೂಲೋಹದ ಮುಖ್ಯ ಮೂಲ ಕೇರಳ, ತಮಿಳುನಾಡು, ಒಡಿಶಾ ಕಡಲ ತೀರದ ಮರಳಿನಲ್ಲಿರುವ ಮೊನಾಜೈಟ್. ಅದರಲ್ಲಿ ಥೋರಿಯಂ ಇರುವುದರಿಂದ ಅದು ಪರಮಾಣು ಖನಿಜ. ಈ ಕಡಲ ಮರಳಿನ ಗಣಿಗಾರಿಕೆ 2019ರಿಂದ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. 1950ರಲ್ಲಿ ಶುರುವಾದ ಇಂಡಿಯನ್ ರೇರ್ ಅರ್ಥ್ಸ್, ಅಂದರೆ ಈಗಿನ ಐಆರ್‌ಇಎಲ್, ಈ ಕೆಲಸ ಮಾಡುತ್ತದೆ. ಅದರ ಷೇರು ಪೇಟೆಯಲ್ಲಿ ಸಿಗುವುದಿಲ್ಲ. ಇದೆಲ್ಲ ನನ್ನದೇ ಪ್ರಚಲಿತ ವಿದ್ಯಮಾನದ ನೋಟ್ಸ್‌ನಲ್ಲಿತ್ತು! ಪರೀಕ್ಷೆಗೆ ಓದಿದ್ದನ್ನು ಜೇಬಿಗೆ ಅನ್ವಯಿಸುವ ಅಭ್ಯಾಸ ಮಾತ್ರ ಇರಲಿಲ್ಲ.

ಚಿನ್ನದ್ದೂ ಇದೇ ಕಥೆ. ಚಿನ್ನದ ಬೆಲೆ ಏರಿತು, ಕರ್ನಾಟಕದಲ್ಲಿ ಚಿನ್ನ ಇದೆ, ಹಾಗಾದರೆ ಅದರ ಷೇರು ಕೊಳ್ಳೋಣ ಅಂದರೆ, ರಾಯಚೂರಿನ ಹಟ್ಟಿ ಗಣಿ ರಾಜ್ಯ ಸರ್ಕಾರದ್ದು, ಷೇರುಪೇಟೆಯಲ್ಲಿಲ್ಲ. ಪೇಟೆಯಲ್ಲಿರುವ ಖಾಸಗಿ ಹುಡುಕಾಟದ ಕಂಪನಿ ಡೆಕ್ಕನ್ ಗೋಲ್ಡ್ ಮೈನ್ಸ್. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಅದು ವರ್ಷಗಟ್ಟಲೆ ಕೊರೆದು ಚಿನ್ನದ ಅದಿರನ್ನು ಗುರುತಿಸಿತ್ತು. ಆದರೆ 2015ರಲ್ಲಿ ಗಣಿ ಕಾಯ್ದೆ ಬದಲಾಗಿ ಹರಾಜು ಪದ್ಧತಿ ಬಂತು. ಹಳೆಯ ಅರ್ಜಿಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು 2021ರ ತಿದ್ದುಪಡಿ ತೆಗೆದುಹಾಕಿತು. ಹೊಲದಲ್ಲಿ ಚಿನ್ನ ಇದ್ದೂ ಗಣಿ ಆಗಲಿಲ್ಲ. ಷೇರು ಕೊಂಡವರು ಭೂವಿಜ್ಞಾನ ಓದಿದ್ದರೆ ಸಾಲದು, ರಾಜಪತ್ರವನ್ನೂ ಓದಬೇಕಿತ್ತು.

ನೆಲದಡಿ ಇದೆ ಅನ್ನುವುದಕ್ಕೂ ಇದ್ದದ್ದು ಕೈಗೆ ಬರುವುದಕ್ಕೂ ಎಷ್ಟು ದೂರ ಅಂತ ನಮ್ಮ ಕೆಂಗೇರಿಯವರಿಗೆ ಹೇಳಿಕೊಡಬೇಕಿಲ್ಲ. ಬೋರ್‌ವೆಲ್ ಕೊರೆಸಿದವರನ್ನು ಕೇಳಿ. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ‘ಇಲ್ಲೇ ಐತೆ’ ಅನ್ನುತ್ತಾರೆ. ಸಾವಿರ ಅಡಿ ಹೋದರೂ ಬರುವುದು ಬಿಳಿ ಪುಡಿ. ಪಕ್ಕದ ಸೈಟಿನವರಿಗೆ ಮುನ್ನೂರು ಅಡಿಗೇ ನೀರು. ಖನಿಜದ ಹುಡುಕಾಟದಲ್ಲೂ ಹೀಗೆ ಹಂತಗಳಿವೆ. ನಮ್ಮ ದೇಶದಲ್ಲಿ ಜಿ4ರಿಂದ ಜಿ1ರವರೆಗೆ ಎಣಿಸುತ್ತಾರೆ. ಜಿ4 ಅಂದರೆ ಮೇಲ್ನೋಟದ ಸಮೀಕ್ಷೆ, ಜಿ1 ಅಂದರೆ ಹತ್ತಿರ ಹತ್ತಿರ ಕೊರೆದು ಅಳೆದದ್ದು. ಪತ್ರಿಕೆಯ ಶೀರ್ಷಿಕೆಯಲ್ಲಿ ‘ಭಾರಿ ನಿಕ್ಷೇಪ ಪತ್ತೆ’ ಅಂತ ಬಂದಾಗ ಅದು ಯಾವ ಹಂತ ಎಂಬುದು ಸುದ್ದಿಯ ಕೊನೆಯ ಸಾಲಿನಲ್ಲಿರುತ್ತದೆ, ಅಥವಾ ಇರುವುದೇ ಇಲ್ಲ.

ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಮಂಡ್ಯದ ಉದಾಹರಣೆಯೇ ಇದೆ. 2020ರಲ್ಲಿ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಭಾಗದಲ್ಲಿ 14,100 ಟನ್ ಲಿಥಿಯಂ ಇದೆ ಎಂದು ದೇಶವೆಲ್ಲ ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂಕಿ 1,600 ಟನ್. ಅದೂ ‘ಇನ್ಫರ್ಡ್’, ಅಂದರೆ ಊಹೆಗೆ ಹತ್ತಿರವಾದ ವರ್ಗ. 2023ರ ಫೆಬ್ರುವರಿಯಲ್ಲಿ ಜಮ್ಮು-ಕಾಶ್ಮೀರದ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅದಿರು ಅಂದರು, ಅದು ಜಿ3 ಹಂತದ್ದು. ಹರಾಜಿಗೆ ಇಟ್ಟರೆ ಸಾಕಷ್ಟು ಬಿಡ್ಡುದಾರರು ಬರದೆ ಅದು ರದ್ದಾಯಿತು. ಆ ಹೊತ್ತಿಗೆ ಲಿಥಿಯಂ ಬೆಲೆಯೂ ಬಿದ್ದುಹೋಗಿತ್ತು. 2022ರ ಕೊನೆಯಲ್ಲಿ ಚೀನಾದಲ್ಲಿ ಟನ್ ಲಿಥಿಯಂ ಕಾರ್ಬೊನೇಟ್ ಆರು ಲಕ್ಷ ಯುವಾನ್ ಹತ್ತಿರ ಹೋಗಿದ್ದು, 2024ರ ಆರಂಭಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಬೆಲೆ ಏರಿದಾಗ ಎಲ್ಲ ದೇಶದವರೂ ಒಟ್ಟಿಗೆ ಅಗೆಯಲು ನಿಂತರೆ ಆಗುವುದು ಇದೇ. ಟೊಮೆಟೊ ಬೆಳೆಗಾರರಿಗೆ ಕೋಲಾರದಲ್ಲಿ ಪ್ರತಿ ವರ್ಷ ಆಗುವುದೂ ಇದೇ.

ಕೋಲಾರ ಅಂದಾಗ ಕೆಜಿಎಫ್ ಹೇಳದೆ ಮುಂದೆ ಹೋಗುವುದು ಹೇಗೆ? ಸಿನಿಮಾ ಅಲ್ಲ, ಷೇರು ಕಥೆ. ನಮ್ಮ ಲಾವೆಲ್ ರಸ್ತೆಗೆ ಹೆಸರು ಕೊಟ್ಟ ಮೈಕಲ್ ಲಾವೆಲ್ ಎಂಬ ಐರಿಷ್ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಚಿನ್ನ ಹುಡುಕುವ ಹಕ್ಕು ಪಡೆದ. ಕೈಯಲ್ಲಿದ್ದ ದುಡ್ಡು ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು, ಜಾನ್ ಟೇಲರ್ ಸಂಸ್ಥೆ ಅದನ್ನು ನಡೆಸಿತು. ಅದೇ ಹೊತ್ತಿನಲ್ಲಿ ವಯನಾಡಿನಲ್ಲಿ ಚಿನ್ನ ಇದೆ ಎಂದು ಲಂಡನ್ ಪೇಟೆಗೆ ಹುಚ್ಚು ಹಿಡಿದು ಹತ್ತಾರು ಕಂಪನಿಗಳು ಷೇರು ಮಾರಿದವು. ವಯನಾಡಿನ ಕಂಪನಿಗಳು ಕೆಲವೇ ವರ್ಷಗಳಲ್ಲಿ ಮುಳುಗಿದವು. ಕೋಲಾರದಲ್ಲೂ ಮೊದಲ ವರ್ಷಗಳಲ್ಲಿ ಏನೂ ಸಿಗದೆ ಬಂಡವಾಳ ಕರಗಿತು, ಮುಚ್ಚಿಬಿಡಿ ಅಂತ ಷೇರುದಾರರು ಪಟ್ಟು ಹಿಡಿದರು. ಉಳಿದ ಅಲ್ಪ ಹಣದಲ್ಲಿ ಇನ್ನಷ್ಟು ಆಳಕ್ಕೆ ಹೋದಾಗ ಚಾಂಪಿಯನ್ ಲೋಡ್ ಎಂಬ ಶ್ರೀಮಂತ ಪಟ್ಟೆ ಸಿಕ್ಕಿತು. ಮುಂದಿನದು ಎಲ್ಲರಿಗೂ ಗೊತ್ತು. 2001ರ ಫೆಬ್ರುವರಿ 28ರಂದು ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ.

ಈ ಕಥೆಯನ್ನು ಟೆಲಿಗ್ರಾಂ ಗುಂಪಿನಲ್ಲಿ ಹೇಳಿದರೆ ‘ನೋಡಿ, ತಾಳ್ಮೆ ಇದ್ದವರು ಗೆದ್ದರು’ ಅನ್ನುತ್ತಾರೆ. ನನಗೆ ಕಾಣುವುದು ಬೇರೆ. ವಯನಾಡಿನ ಷೇರುದಾರರಿಗೂ ತಾಳ್ಮೆ ಇತ್ತಲ್ಲ. ಒಂದೇ ಕಾಲ, ಒಂದೇ ಪೇಟೆ, ಒಂದೇ ಆಸೆ. ಲಂಡನ್ನಿನಲ್ಲಿ ಕೂತು ಯಾವುದು ಕೋಲಾರ, ಯಾವುದು ವಯನಾಡು ಅಂತ ಹೇಳುವ ದಾರಿಯೇ ಇರಲಿಲ್ಲ. ಚಿನ್ನ ಸಿಕ್ಕಮೇಲೂ ಅದನ್ನು ಮೇಲೆತ್ತಲು ಶಕ್ತಿ ಬೇಕು. ಕಲ್ಲಿದ್ದಲು ದುಬಾರಿ. ಮೈಸೂರು ಸರ್ಕಾರ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದು ಗಣಿಗೆ ಮಾರಿತು. ಬೆಂಗಳೂರಿನ ಬೀದಿಗೆ ಕರೆಂಟ್ ಬಂದದ್ದು 1905ರಲ್ಲಿ, ಚಿನ್ನದ ಗಣಿಯ ನಂತರ. ಗಣಿಯ ಹಿಂದೆ ಸರ್ಕಾರ, ನದಿ, ತಂತಿ ಇಷ್ಟೆಲ್ಲ ನಿಲ್ಲಬೇಕಾಯಿತು. ನಮ್ಮ ಒಂಬತ್ತು ಜನರ ಕಂಪನಿಯ ಹಿಂದೆ ಇದ್ದದ್ದು ಒಂದು ಟೆಲಿಗ್ರಾಂ ಗುಂಪು.

ದೇಶಗಳ ಜಗಳ ನಂಬಿ ಗಣಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿಗೆ ಅದಿರು ಕಳಿಸಲು, ಇರಾನಿನ ಶಾ ಕೊಟ್ಟ ಸಾಲದ ಭರವಸೆ ಮೇಲೆ. ತೈಲದ ಬೆಲೆ ಏರಿ ಇರಾನ್ ಬಳಿ ದುಡ್ಡು ತುಂಬಿದ್ದ ಕಾಲ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟರು. ಮಲೆನಾಡಿನಲ್ಲಿ ಗಣಿ, ಕೊಳವೆ ಮಾರ್ಗ, ಮಂಗಳೂರಿನಲ್ಲಿ ಬಂದರು ಎಲ್ಲ ಸಿದ್ಧವಾಗುವ ಹೊತ್ತಿಗೆ ಕೊಳ್ಳುವವನೇ ಇಲ್ಲ. ಆ ಕಂಪನಿ ಸರ್ಕಾರದ್ದಾದ್ದರಿಂದ ಉಳಿಯಿತು. ಮಂಗಳೂರಿನಲ್ಲಿ ಪೆಲೆಟ್ ಘಟಕ ಕಟ್ಟಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಸರಿಯಾದದ್ದೇ ಅನ್ನುವವನು ನಾನು. ಈಗ ಕೆಐಒಸಿಎಲ್ ಎಂಬ ಹೆಸರಿನಲ್ಲಿ ಅದರ ಷೇರು ಪೇಟೆಯಲ್ಲಿದೆ. ನೂರರಲ್ಲಿ 99 ಷೇರು ಕೇಂದ್ರ ಸರ್ಕಾರದ ಕೈಯಲ್ಲೇ ಇದೆ. ಉಳಿದ ಒಂದರಲ್ಲಿ ನಾವೆಲ್ಲ ಕೊಂಡು ಮಾರಬೇಕು. ಅಷ್ಟು ಸಣ್ಣ ಕೆರೆಯಲ್ಲಿ ಒಂದು ಕಲ್ಲು ಬಿದ್ದರೂ ಅಲೆ ದೊಡ್ಡದು.

ಹೊರದೇಶದ ಒಂದು ಉದಾಹರಣೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2010ರಲ್ಲೂ ಚೀನಾ–ಜಪಾನ್ ಜಗಳದಲ್ಲಿ ವಿರಳ ಭೂಲೋಹದ ಸರಬರಾಜು ಬಿಗಿಯಾಗಿ ಬೆಲೆ ಗಗನಕ್ಕೇರಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿಯ ಒಡೆಯ ಮಾಲಿಕಾರ್ಪ್ ಎಂಬ ಕಂಪನಿ ಅದೇ ವರ್ಷ 14 ಡಾಲರ್‌ಗೆ ಷೇರು ಬಿಟ್ಟಿತು. ಮರುವರ್ಷ ಅದು 70 ಡಾಲರ್ ದಾಟಿತು. ಚೀನಾ ಮತ್ತೆ ಮಾಲು ಬಿಟ್ಟಾಗ ಬೆಲೆ ಕುಸಿದು, 2015ರ ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಗಣಿ ಎಲ್ಲೂ ಹೋಗಲಿಲ್ಲ. ಅದನ್ನು ಕೊಂಡ ಎಂಪಿ ಮೆಟೀರಿಯಲ್ಸ್‌ಗೆ 2025ರ ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ 40 ಕೋಟಿ ಡಾಲರ್ ಬಂಡವಾಳದ ಜೊತೆ ಕನಿಷ್ಠ ಬೆಲೆಯ ಖಾತರಿಯನ್ನೂ ಕೊಟ್ಟಿತು. ಅದೇ ಗುಡ್ಡ, ಅದೇ ಅದಿರು. ಮೊದಲು ನಂಬಿದವರ ಷೇರು ಮಾತ್ರ ಮಣ್ಣಾಗಿತ್ತು. ಅವರು ಕೊರತೆಯ ವಿಷಯದಲ್ಲಿ ತಪ್ಪು ಮಾಡಿರಲಿಲ್ಲ. ಹದಿನೈದು ವರ್ಷ ಮೊದಲೇ ಸರಿಯಾಗಿದ್ದರು, ಅಷ್ಟೇ.

ಗೆಳೆಯ ಈಗ ಯುರೇನಿಯಂ ಅನ್ನುತ್ತಿದ್ದಾನೆ. ಎಐ ಡೇಟಾ ಸೆಂಟರ್‌ಗಳಿಗೆ ಕರೆಂಟ್ ಬೇಕಂತೆ, ಅಣುವಿದ್ಯುತ್ ಬರುತ್ತದಂತೆ. ಇರಬಹುದು. 2007ರಲ್ಲೂ ಯುರೇನಿಯಂ ಒಂದು ಪೌಂಡಿಗೆ 130 ಡಾಲರ್ ದಾಟಿತ್ತು. ಅಲ್ಲಿಂದ ಇಳಿಯಿತು. 2011ರಲ್ಲಿ ಫುಕುಷಿಮಾ ಅವಘಡವಾಯಿತು, 2016ರ ಕೊನೆಗೆ 20 ಡಾಲರ್‌ಗಿಂತ ಕೆಳಗೆ ಬಂತು. ಈ ಅಂಕಿಗಳನ್ನು ಅವನಿಗೆ ವಾಟ್ಸ್ಆ್ಯಪ್ ಮಾಡಿದೆ. ‘ನೀನು ಸೋತಿದ್ದಕ್ಕೆ ಹೀಗಂತೀಯ’ ಅಂದ. ಅದೂ ಇರಬಹುದು.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಈ ಗಲಾಟೆಯಲ್ಲಿ ನಮ್ಮ ವಯಸ್ಸಿನವರಿಗೆ ಸಿಗುವುದು ಷೇರಿಗಿಂತ ಕೆಲಸವೇ ಇರಬಹುದು ಅನ್ನಿಸುತ್ತದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ 16,300 ಕೋಟಿ ರೂಪಾಯಿಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಮ್ಯಾಗ್ನೆಟ್ ತಯಾರಿಕೆಗೇ 7,280 ಕೋಟಿಯ ಯೋಜನೆ ಪ್ರಕಟವಾಯಿತು. ಹುಡುಕಲು, ಕೊರೆಯಲು, ಮಾದರಿ ಪರೀಕ್ಷಿಸಲು ಜನ ಬೇಕು. ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ಅಂತ ಒಂದಿದೆ ಎಂಬುದು ಹಂಪಿನಗರದ ಟೀ ಅಂಗಡಿ ಮುಂದೆ ಎಷ್ಟು ಜನಕ್ಕೆ ಗೊತ್ತು? ಎಂಎಸ್ಸಿ ಜಿಯಾಲಜಿ ಮಾಡಿ ಎಸ್‌ಡಿಎಗೆ ಓದುತ್ತಿದ್ದ ಒಬ್ಬರು ನನಗೇ ಅಲ್ಲಿ ಸಿಕ್ಕಿದ್ದರು. ಸುರತ್ಕಲ್ ಎನ್‌ಐಟಿಕೆಯಲ್ಲಿ ಮೈನಿಂಗ್ ಎಂಜಿನಿಯರಿಂಗ್ ಇದೆ. ಕಂಪ್ಯೂಟರ್ ಸೈನ್ಸ್ ಸಿಗದಿದ್ದವರ ಪಾಲಿನ ಸೀಟು ಅಂತ ಅದನ್ನು ನೋಡುವುದನ್ನು ಬಿಡಬಹುದು.

ನನ್ನ 32,900 ರೂಪಾಯಿ ನಷ್ಟವನ್ನು ರಿಟರ್ನ್‌ನಲ್ಲಿ ತೋರಿಸುವುದೆಂದು ನಿರ್ಧರಿಸಿದ್ದೇನೆ. ಗಡುವಿನೊಳಗೆ ಸಲ್ಲಿಸಿದರೆ ಬಂಡವಾಳ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಮುಂದಿನ ಲಾಭದಲ್ಲಿ ಕಳೆಯಬಹುದು. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ‘ಸಂಬಳವೇ ತೆರಿಗೆ ಮಿತಿಯೊಳಗಿದೆ’ ಅಂತ ಸುಮ್ಮನಿರಬೇಡಿ, ತುಂಬಿ. ಲಾಭ ಬಂದಾಗ ತಾನೇ ಕಳೆಯುವುದು ಅಂತ ನಮ್ಮ ಸಾಹೇಬರು ನಕ್ಕರು. ಕೆಲಸ ಬಿಡುವುದನ್ನು ಒಂದು ವರ್ಷ ಮುಂದೂಡಿ, ಬೆಳಿಗ್ಗೆ ಮೆಟ್ರೊದಲ್ಲೇ ಓದುತ್ತಿದ್ದೇನೆ.

ಹೋದ ವಾರ ಕಾಮಾಕ್ಷಿಪಾಳ್ಯದ ಶೆಡ್‌ಗೆ ಹೋಗಿದ್ದೆ. ಊರಿಗೆ ಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬಂದಿದ್ದಾನೆ. ಖಾಲಿಯಿದ್ದ ಬೆಂಚಿನ ಮೇಲೆ ಬೇರೆ ಬಗೆಯ ರೋಟರ್‌ಗಳಿದ್ದವು, ದಪ್ಪ, ಕಪ್ಪು. ‘ಇದು ಫೆರೈಟು. ವಿರಳನೂ ಇಲ್ಲ, ಗಿರಳನೂ ಇಲ್ಲ, ಕಬ್ಬಿಣದ ತುಕ್ಕಿನ ಜಾತಿ. ಮೋಟಾರು ತೂಕ ಜಾಸ್ತಿ ಆಗತ್ತೆ, ಪಂಪಿಗೆ ನಡೆಯತ್ತೆ. ಗಾಡಿಗೆ ಇನ್ನೂ ಹಳೇದೇ ಬೇಕು’ ಅಂದರು ಮಾವ. ಕಂಪನಿಯವರು ಆರು ತಿಂಗಳಲ್ಲಿ ಡಿಸೈನ್ ಬದಲಿಸಿ ಕೊಟ್ಟರಂತೆ. ನಾನು ಒಂದನ್ನು ಕೈಗೆತ್ತಿಕೊಂಡೆ. ಹಳೆಯದಕ್ಕಿಂತ ನಿಜಕ್ಕೂ ಭಾರ ಇತ್ತು.